ಖಾಲಿ ಸ್ವಾಧೀನ

ಮನೆ ಮಾರುವುದಿದ್ದರೆ ಮೊದಲು ಬಾಡಿಗೆ ಬಿಡಾರಕ್ಕೆ ಹೋಗಿ ಕೂತುಕೊಳ್ಳಿ, ಖಾಲಿ ಮನೆಗೆ ಗಿರಾಕಿ ಬೇಗ ಎಂಬುದು ಹೆಬ್ರಿಯ ಆಸುಪಾಸಿನಲ್ಲಿ ಈಗ ಯಾರೂ ಎದುರಾಡದ ಮಾತಾಗಿದೆ. ದಲ್ಲಾಳಿ ಹೇಳುತ್ತಾನೆ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಹೇಳುತ್ತಾನೆ. ದುಬಾಯಿಯಲ್ಲಿರುವ ಮಗಳು ಅದನ್ನೇ ಇನ್ನಷ್ಟು ಕಳಕಳಿಯಿಂದ ಹೇಳುತ್ತಾಳೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರೂ ಹೇಳುತ್ತಾರೆ. ಇಷ್ಟು ಜನ ಇಷ್ಟು ಖಚಿತವಾಗಿ ಹೇಳುವುದನ್ನು ಯಾರೂ ಒಮ್ಮೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ಹಾಗಿಲ್ಲ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಲಹೆಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ನಮ್ಮ ಮಳೆಗೆ, ನಮ್ಮ ಮನೆಗಳಿಗೆ, ನಮ್ಮ ಕಾಗದಪತ್ರಗಳಿಗೆ ಅದು ಹೊಂದುವುದಿಲ್ಲ. ಅದರ ಎದುರು ನಿಲ್ಲಬೇಕಾಗಿದ್ದ ಇನ್ನೊಂದು ಪದ್ಧತಿ, ಅಂದರೆ ಕ್ರಯಪತ್ರ ರಿಜಿಸ್ಟ್ರಿಯಾಗಿ ಹಣ ಕೈಸೇರಿದ ಮೇಲೂ ಒಂದು ತಿಂಗಳೋ ಒಂದೂವರೆ ತಿಂಗಳೋ ಅದೇ ಮನೆಯಲ್ಲಿದ್ದು ಆಮೇಲೆ ಬಿಡಾರ ಬದಲಿಸುವುದು, ಹೇಳುವವರಿಲ್ಲದೆ ಮೂಲೆಗೆ ಬಿದ್ದಿದೆ.

ಜನ ಮನೆ ಯಾಕೆ ಮಾರುತ್ತಾರೆ ಎಂದು ಇಲ್ಲಿಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮಕ್ಕಳು ಹೊರಗೆ, ತೋಟಕ್ಕೆ ಆಳಿಲ್ಲ, ಮೊಣಕಾಲು ಕೇಳುವುದಿಲ್ಲ, ತಿಂಗಳಿಗೆರಡು ಸಲ ಮಣಿಪಾಲದ ಆಸ್ಪತ್ರೆಗೆ ಬಸ್ಸು ಹಿಡಿಯಬೇಕು. ಹಾಗಾಗಿ ಹೆಬ್ರಿ, ಮುದ್ರಾಡಿ, ಮುನಿಯಾಲಿನ ಮನೆಗಳು ಕ್ರಯಕ್ಕೆ ಬರುತ್ತವೆ, ಪರ್ಕಳ, ಮಣಿಪಾಲ, ಉಡುಪಿಯಲ್ಲಿ ಬಾಡಿಗೆ ಮನೆ ಹುಡುಕುವುದು ಶುರುವಾಗುತ್ತದೆ. ನಾನು ಕೇಳುತ್ತಿರುವುದು ಒಂದನ್ನೇ: ಸಾಮಾನು ಲಾರಿಗೆ ಹತ್ತುವುದು ಯಾವ ದಿನ?

ನನ್ನ ದೊಡ್ಡಮ್ಮ ಆ ಸಲಹೆಯನ್ನು ನಂಬಿ ನಡೆದವರು. ಸೀತಾನದಿಯ ಕಡೆಗೆ ಹೋಗುವ ದಾರಿಯಲ್ಲಿ ಅವರದು ಮುರಕಲ್ಲಿನ ಗೋಡೆಯ, ಮಂಗಳೂರು ಹಂಚಿನ ಮನೆ. 30 ಸೆಂಟ್ಸ್ ಜಾಗ, ಒಂದು ಬಾವಿ, ಎಂಟು ತೆಂಗಿನ ಮರ. ಮೇ ತಿಂಗಳ ಮೊದಲಿಗೆ ಕರಾರಾಯಿತು, ಮೇ ಕೊನೆಯ ಪತ್ತನಾಜೆಗೆ ಮುಂಚೆಯೇ ಅವರು ಪರ್ಕಳದ ಒಂದು ಮಹಡಿ ಮನೆಗೆ ಹೋದರು. ಮೂರು ತಿಂಗಳೊಳಗೆ ರಿಜಿಸ್ಟ್ರಿ ಎಂದು ಮಾತು. ಆದದ್ದು ಡಿಸೆಂಬರಿನಲ್ಲಿ. ಜಾಗ ದೊಡ್ಡ ಸರ್ವೆ ನಂಬರಿನ ಒಂದು ತುಂಡಾದ್ದರಿಂದ, ಆ ತುಂಡನ್ನು ಅಳೆದು ಬೇರೆ ತೋರಿಸುವ 11ಇ ನಕ್ಷೆ ಆಗದೆ ಕ್ರಯ ಆಗುವಂತಿರಲಿಲ್ಲ, ಮಳೆಯಲ್ಲಿ ಅಳತೆ ಮುಂದಕ್ಕೆ ಹೋಗುತ್ತಲೇ ಇತ್ತು.

ಆ ಏಳು ತಿಂಗಳು ಮನೆಗೆ ಏನಾಯಿತು ಎಂಬುದನ್ನು ನಾನು ಕಣ್ಣಾರೆ ಕಂಡೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ, ಹೆಬ್ರಿ ಇರುವುದು ಆ ಘಾಟಿಯ ಬುಡದಲ್ಲಿ. ಹಂಚಿನ ಮನೆಯ ಮಾಡನ್ನು ಇಂಥ ಮಳೆಯಲ್ಲಿ ಕಾಯುವುದು ಬಚ್ಚಲೊಲೆಯ ಮತ್ತು ಅಡಿಗೆಮನೆಯ ಹೊಗೆ. ದಿನಕ್ಕೆರಡು ಹೊತ್ತು ಒಲೆ ಉರಿದರೆ ಹೊಗೆ ಪಕ್ಕಾಸು, ರೀಪುಗಳ ಸಂದಿನಲ್ಲಿ ಸುತ್ತಾಡಿ ಹಂಚಿನ ಎಡೆಯಿಂದ ಹೊರಗೆ ಹೋಗುತ್ತದೆ. ಮರ ಕಪ್ಪಾಗುತ್ತದೆ, ಆದರೆ ಒಣಗಿಯೇ ಇರುತ್ತದೆ. ಒರಲೆ ಸುಲಭಕ್ಕೆ ಹತ್ತುವುದಿಲ್ಲ. ಮನೆಯವರು ಹೋದ ದಿನ ಹೊಗೆ ನಿಲ್ಲುತ್ತದೆ. ಮಳೆಗಾಲದ ನಡುವೆ, ಆಟಿ ತಿಂಗಳ ಒಂದು ಬೆಳಿಗ್ಗೆ ನಾನು ಬೀಗ ತೆಗೆಯಲು ಹೋದಾಗ ಕೀಲಿಕೈ ತಿರುಗಲಿಲ್ಲ. ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟು ಕಾಯಬೇಕಾಯಿತು. ಬಾಗಿಲು ಉಬ್ಬಿ ದಾರಂದಕ್ಕೆ ಕಚ್ಚಿಕೊಂಡಿತ್ತು. ದಾರಂದದ ಎಡಬದಿಯಲ್ಲಿ ನೆಲದಿಂದ ಮಾಡಿನವರೆಗೆ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆ. ಬೆರಳಿನಿಂದ ಒಂದು ಕಡೆ ಒಡೆದೆ, ಬಿಳಿ ಹುಳುಗಳು ಬೆಳಕಿಗೆ ಹೆದರಿ ಎರಡೂ ಕಡೆಗೆ ಓಡಿದವು. ಚಾವಡಿಯ ಮೇಲೆ ಒಂದೇ ಒಂದು ಹಂಚು ಸರಿದಿತ್ತು, ಅದರ ಕೆಳಗೆ ಕೆಂಪು ಸಿಮೆಂಟಿನ ನೆಲದಲ್ಲಿ ಅಂಗೈ ಅಗಲದ ಪಾಚಿ. ದೊಡ್ಡಮ್ಮ ಅಲ್ಲಿದ್ದಿದ್ದರೆ ಆ ಹಂಚನ್ನು ಅದೇ ದಿನ ಕೋಲಿನಿಂದ ತಳ್ಳಿ ಕೂರಿಸುತ್ತಿದ್ದರು. ಕೊಳ್ಳುವವರು ನವೆಂಬರಿನಲ್ಲಿ ಬಂದು ಇದನ್ನೆಲ್ಲ ನೋಡಿ ಮೂರು ಲಕ್ಷ ಇಳಿಸಿ ಮಾತಾಡಿದರು. ಅವರ ತಪ್ಪಿಲ್ಲ, ಮಾಡಿನ ಕೆಲಸಕ್ಕೆ ಅಷ್ಟು ಬೇಕಾಗಿತ್ತು. ಖಾಲಿ ಮನೆಗೆ ಬೆಲೆ ಹೆಚ್ಚು ಎಂಬುದು ಕಾಂಕ್ರೀಟಿನ ಫ್ಲ್ಯಾಟಿನಲ್ಲಿ ಹುಟ್ಟಿದ ಲೆಕ್ಕ. ಅಲ್ಲಿ ಆರು ತಿಂಗಳು ಬಾಗಿಲು ಹಾಕಿದರೆ ಧೂಳು ಕೂರುತ್ತದೆ, ಗುಡಿಸಿದರೆ ಮುಗಿಯಿತು.

ಮಳೆಯ ನಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಕರಾರುಪತ್ರದ ಎರಡನೆಯ ಪುಟದಲ್ಲಿ ಕೂತಿರುತ್ತದೆ. ದೊಡ್ಡಮ್ಮನ ಕರಾರನ್ನು ನಾನು ಆಮೇಲೆ ಎಷ್ಟು ಸಲ ಓದಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಅದರಲ್ಲಿದ್ದ ವಾಕ್ಯ ಇದು: ‘ಸದ್ರಿ ಎ ಶೆಡ್ಯೂಲು ಸ್ಥಿರಾಸ್ತಿಯನ್ನು ಕ್ರಯಪತ್ರ ನೋಂದಣಿಗೆ ಮುಂಚಿತವಾಗಿ ಖಾಲಿ ಮಾಡಿ, ನೋಂದಣಿಯ ಕಾಲಕ್ಕೆ ತಮ್ಮ ಖಾಲಿ ಸ್ವಾಧೀನಕ್ಕೆ ಬಿಟ್ಟುಕೊಡಲು ಬದ್ಧನಿರುತ್ತೇನೆ.’ ಅದರ ಕೆಳಗೆ ಕೊಳ್ಳುವವರ ಪಾಲಿನ ವಾಕ್ಯ: ‘ಸಕಲ ದಾಖಲಾತಿಗಳು ಸರಿಯಾದ ನಂತರ ಬಾಕಿ ಮೊಬಲಗನ್ನು ನೋಂದಣಿಯ ಕಾಲಕ್ಕೆ ಪಾವತಿಸತಕ್ಕದ್ದು.’ ಇಂಥವೇ ಮಾತುಗಳು ಈ ಕಡೆಯ ಎಷ್ಟೋ ಕರಾರುಗಳಲ್ಲಿವೆ. ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದಿವೆ.

ಮೊದಲು ಕ್ರಿಯಾಪದಗಳನ್ನು ನೋಡಿ. ಮಾರುವವರದು ‘ಬದ್ಧನಿರುತ್ತೇನೆ’, ಉತ್ತಮ ಪುರುಷದಲ್ಲಿ, ಬಾಯಿಬಿಟ್ಟು ಮಾಡಿದ ಪ್ರತಿಜ್ಞೆ. ಕೊಳ್ಳುವವರದು ‘ಪಾವತಿಸತಕ್ಕದ್ದು’. ಯಾರು ಪಾವತಿಸತಕ್ಕದ್ದು? ವಾಕ್ಯದಲ್ಲಿ ಕರ್ತೃವೇ ಇಲ್ಲ. ಒಬ್ಬರು ದೇವರೆದುರು ಕೈಮುಗಿದು ನಿಂತಂತೆ ಮಾತಾಡುತ್ತಾರೆ, ಇನ್ನೊಬ್ಬರ ಹೊಣೆ ಸರಕಾರಿ ಸುತ್ತೋಲೆಯ ಹಾಗೆ ಯಾರ ಬಾಯಿಂದಲೂ ಬರದೆ ಬರುತ್ತದೆ. ಅಚ್ಚಿನ ನಮೂನೆಯಲ್ಲಿದ್ದ ‘ಬದ್ಧನಿರುತ್ತೇನೆ’ಯನ್ನು ಪೆನ್ನಿನಲ್ಲಿ ‘ಬದ್ಧಳಿರುತ್ತೇನೆ’ ಎಂದು ತಿದ್ದಿ ದೊಡ್ಡಮ್ಮನಿಂದ ಅಂಚಿನಲ್ಲಿ ರುಜು ಹಾಕಿಸಿದ್ದರು. ಇಡೀ ಪತ್ರದಲ್ಲಿ ಅವರಿಗಾಗಿ ಮಾಡಿದ ತಿದ್ದುಪಡಿ ಅದೊಂದೇ.

ಆಮೇಲೆ ಕಾಲ. ‘ಮುಂಚಿತವಾಗಿ’ ಎಂಬ ಒಂದು ಪದದ ಮೇಲೆ ಮಾರುವವರ ಬದುಕು ನಿಂತಿದೆ. ಖಾಲಿ ಮಾಡುವುದು ನೋಂದಣಿಗೆ ಮುಂಚಿತವಾಗಿ, ಹಣ ಬರುವುದು ನೋಂದಣಿಯ ಕಾಲಕ್ಕೆ, ಅದೂ ‘ಸಕಲ ದಾಖಲಾತಿಗಳು ಸರಿಯಾದ ನಂತರ’. ನಕ್ಷೆ ಯಾವಾಗ ಆಗುತ್ತದೆ, ಪಂಚಾಯತಿನ 9 ಮತ್ತು 11ರ ನಮೂನೆ ಯಾವಾಗ ಕೈಗೆ ಬರುತ್ತದೆ, ನೋಂದಣಿಗೆ ಯಾವ ದಿನದ ಹೊತ್ತು ಸಿಗುತ್ತದೆ, ಇವೊಂದೂ ಮಾರುವವರ ಕೈಯಲ್ಲಿಲ್ಲ. ಈ ‘ಮುಂಚಿತವಾಗಿ’ಗೂ ಆ ‘ನಂತರ’ಕ್ಕೂ ನಡುವೆ ಒಂದು ಅಂತರವಿದೆ. ದೊಡ್ಡಮ್ಮ ಏಳು ತಿಂಗಳು ಬದುಕಿದ್ದು ಆ ಅಂತರದಲ್ಲಿ. ಸ್ವಂತ ಮನೆ ಹೆಸರಿನಲ್ಲಿದೆ, ಅದರಲ್ಲಿ ಇರುವ ಹಾಗಿಲ್ಲ. ಮಾರಿದ ಹಣ ಲೆಕ್ಕದಲ್ಲಿದೆ, ಅದು ಬಂದಿಲ್ಲ. ಬಾಡಿಗೆ ಮಾತ್ರ ಪ್ರತಿ ತಿಂಗಳ ಐದನೇ ತಾರೀಕಿಗೆ ತಪ್ಪದೆ ಹೋಗುತ್ತದೆ. ಮುಂಗಡ ಹಣದಲ್ಲಿಯೇ ಅವರು ಬಾಡಿಗೆ ಕೊಟ್ಟರು. ಅಂದರೆ ಕರಾರು ಮುರಿದುಬಿದ್ದರೆ ಹಿಂದಕ್ಕೆ ಕೊಡಬೇಕಾದ ಹಣವನ್ನೇ ಕರಗಿಸಿ ಬದುಕಿದರು. ಈ ಸ್ಥಿತಿಯಲ್ಲಿ ಕೊಳ್ಳುವವರು ಮೂರು ಲಕ್ಷ ಇಳಿಸಿ ಎಂದಾಗ ಇಲ್ಲ ಎನ್ನುವ ಶಕ್ತಿ ಯಾರಿಗಿರುತ್ತದೆ?

‘ಖಾಲಿ’ ಅರಬ್ಬಿಯಿಂದ ಕಂದಾಯದ ಕಾಗದಗಳ ಮೂಲಕ ಬಂದ ಮಾತು, ‘ಸ್ವಾಧೀನ’ ಸಂಸ್ಕೃತದ್ದು, ತನ್ನ ಅಧೀನ ಎಂದರ್ಥ. ಎರಡನ್ನೂ ಕೂಡಿಸಿದ ನುಡಿಗಟ್ಟು ಕೊಳ್ಳುವವರ ಕಣ್ಣಿನಿಂದ ಮಾತ್ರ ಮನೆಯನ್ನು ನೋಡುತ್ತದೆ. ಕರಾವಳಿಯ ಮಾತಿನಲ್ಲಿ ಹೊಸ ಮನೆಗೆ ಹೋಗುವುದಕ್ಕೆ ‘ಒಕ್ಕಲು’ ಎಂಬ ಸುಂದರವಾದ ಶಬ್ದವಿದೆ, ಬಲವಂತದಿಂದ ಹೊರಹಾಕುವುದಕ್ಕೆ ‘ಒಕ್ಕಲೆಬ್ಬಿಸು’ ಎಂಬ ಕಠಿಣ ಶಬ್ದವಿದೆ. ತಾನಾಗಿ, ಮರ್ಯಾದೆಯಿಂದ, ದಿನ ನೋಡಿ ಮನೆ ಬಿಡುವುದಕ್ಕೆ ಅಷ್ಟು ಗಟ್ಟಿಯಾದ ಶಬ್ದ ಕರಾರಿನ ಭಾಷೆಯಲ್ಲಿಲ್ಲ. ಇಲ್ಲದ್ದರಿಂದಲೇ ಆ ಜಾಗದಲ್ಲಿ ‘ಖಾಲಿ’ ಬಂದು ಕೂತಿದೆ ಎಂದು ನನಗನಿಸುತ್ತದೆ.

ಕಾನೂನೇ ಹಾಗಿದೆ ಎನ್ನುವವರಿದ್ದಾರೆ. ಕಾನೂನು ಹಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೇ ಕಲಮಿನ ಪ್ರಕಾರ ಕ್ರಯದ ಕರಾರು ತಾನಾಗಿಯೇ ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ರಿಜಿಸ್ಟ್ರಿಯ ತನಕ ಮನೆ ಮಾರುವವರದೇ. 55ನೇ ಕಲಮು ಸ್ವಾಧೀನ ಕೊಡುವ ಹೊಣೆಯನ್ನು ಮಾರುವವರ ಮೇಲೆ ಹೊರಿಸುತ್ತದೆ, ನಿಜ. ಆದರೆ ರಿಜಿಸ್ಟ್ರಿಗೆ ಮೊದಲೇ ಮನೆ ತೊಳೆದು ಹೊರಗೆ ನಿಲ್ಲಿ ಎಂದು ಅಲ್ಲಿಲ್ಲ. ಅದೂ ಇಬ್ಬರ ನಡುವೆ ಬೇರೆ ಒಪ್ಪಂದ ಇಲ್ಲದಿದ್ದಾಗ ಮಾತ್ರ ಅನ್ವಯಿಸುವ ಕಲಮು. ‘ಮುಂಚಿತವಾಗಿ’ ಎಂಬುದು ರೂಢಿಯ ಪದ. ರೂಢಿಯನ್ನು ಬದಲಿಸಬಹುದು.

ಇದಕ್ಕಿಂತ ಕೆಟ್ಟ ಒಂದು ರೂಢಿಯೂ ಇದೆ. ಕರಾರಿನ ದಿನವೇ ಕೀಲಿಕೈ ಕೊಟ್ಟುಬಿಡುವುದು, ಪತ್ರದಲ್ಲಿ ಮಾತ್ರ ‘ಸ್ವಾಧೀನ ಕೊಟ್ಟಿರುವುದಿಲ್ಲ’ ಎಂದು ಬರೆಯುವುದು. ಕಾರಣ ಸರಳ: ಕರ್ನಾಟಕದಲ್ಲಿ ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಕಟ್ಟಬೇಕು. ಅದನ್ನು ಉಳಿಸಲು ಎರಡೂ ಕಡೆಯವರು ಸೇರಿ ಕಾಗದದ ಮೇಲೆ ಸುಳ್ಳು ಬರೆಯುತ್ತಾರೆ. ಅದೇ 1882ರ ಅಧಿನಿಯಮಕ್ಕೆ 2001ರಲ್ಲಿ ಆದ ತಿದ್ದುಪಡಿಯ ಮೇಲೆ ನೋಂದಣಿಯಾಗದ ಕರಾರಿನ ಬಲದಿಂದ ಮನೆಯೊಳಗೆ ಕೂತ ಕೊಳ್ಳುವವರಿಗೆ 53ಎ ಕಲಮಿನ ರಕ್ಷಣೆ ಸಿಗುವುದಿಲ್ಲ. ಆದರೂ ಮಾರಿದವರಿಗೆ, ಒಳಗೆ ಕೂತವರನ್ನು ಎಬ್ಬಿಸಲು ನ್ಯಾಯಾಲಯದ ದಾರಿ ಬಿಟ್ಟರೆ ಬೇರೆಯಿಲ್ಲ. ಬೇಗ ಖಾಲಿ ಮಾಡಿ ಎಂಬ ಸಲಹೆ ಇಂಥ ಕಡೆಗೇ ಜನರನ್ನು ಕೊಂಡೊಯ್ಯುತ್ತದೆ. ಹೇಗೂ ಮನೆ ಖಾಲಿ ಇದೆಯಲ್ಲ, ಕೀಲಿಕೈ ಕೊಡಿ, ಬಣ್ಣ ಬಳಿಸುತ್ತೇವೆ ಎಂದು ಕೇಳಿದಾಗ ಇಲ್ಲ ಎನ್ನಲು ಬಾಯಿ ಬರುವುದಿಲ್ಲ.

ಇಲ್ಲಿ ನಮ್ಮ ಕಡೆಯ ವಕೀಲ ಮಿತ್ರರೊಂದಿಗೆ ನನಗೆ ಹಳೆಯ ಜಗಳವಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ರಿಜಿಸ್ಟ್ರಿಯಾದ ಮೇಲೂ ಮಾರಿದವರು ಒಂದು ತಿಂಗಳು ಇರಲಿ ಎಂದರೆ ಅವರು ಒಟ್ಟಾಗಿ ತಲೆಯಾಡಿಸುತ್ತಾರೆ. ಕೂತವರು ಏಳುತ್ತಾರೆಯೇ? ಎಂಬುದು ಅವರ ಪ್ರಶ್ನೆ. ಈ ಭಯ ಎಲ್ಲಿಂದ ಬಂತೆಂದು ನನಗೆ ಗೊತ್ತು, ಅದನ್ನು ನಾನು ಗೌರವಿಸುತ್ತೇನೆ. ಭೂಸುಧಾರಣೆಯಲ್ಲಿ, 1974ರ ಮಾರ್ಚ್ 1ಕ್ಕೆ ಮುಂಚೆ ಗೇಣಿದಾರರ ಕೈಯಲ್ಲಿದ್ದ ಭೂಮಿ ಸರಕಾರಕ್ಕೆ ಸೇರಿ, ಉಳುತ್ತಿದ್ದವರಿಗೆ ಹಕ್ಕು ಬಂತು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿಗಳು ಎಷ್ಟು ದಟ್ಟವಾಗಿದ್ದವು ಎಂದರೆ ಗೇಣಿದಾರರು ಹಕ್ಕು ಕೇಳಿ ಹಾಕುವ ಅರ್ಜಿಗೆ ಡಿಕ್ಲರೇಶನ್ ಎಂಬ ಮಾತು ಇಲ್ಲಿಯ ಮನೆಮಾತಾಯಿತು. ಅದೊಂದು ನ್ಯಾಯ, ಆಗಬೇಕಾಗಿದ್ದ ನ್ಯಾಯ. ಆದರೆ ಅದು ಇಲ್ಲಿಯ ಆಸ್ತಿವಂತರ ಮನಸ್ಸಿನಲ್ಲಿ ಒಂದು ಪಾಠವನ್ನು ಅಳಿಸಲಾಗದಂತೆ ಬರೆಯಿತು: ಒಳಗೆ ಕೂತವನದೇ ಜಾಗ. ಆ ಪಾಠ ಐವತ್ತು ವರ್ಷ ದಾಟಿಯೂ ಕರಾರುಪತ್ರದ ಕಲಮುಗಳಲ್ಲಿ ಉಸಿರಾಡುತ್ತಿದೆ.

ಆದರೆ ಭೂಸುಧಾರಣೆ ಗೇಣಿಯ ಕೃಷಿಭೂಮಿಯ ಮಾತು. 30 ಸೆಂಟ್ಸಿನ ಮನೆಯನ್ನು ಪೂರ್ತಿ ಹಣಕ್ಕೆ ಮಾರಿ, ನಲವತ್ತು ದಿನಕ್ಕೆ ಲಿಖಿತ ಅನುಮತಿಯ ಮೇಲೆ ಉಳಿಯುವ ಎಪ್ಪತ್ತರ ಹೆಂಗಸಿಗೂ 1974ರ ಗೇಣಿದಾರರಿಗೂ ಏನು ಸಂಬಂಧ? ಅನುಮತಿಯ ಮೇಲಿನ ವಾಸ ಬೇರೆ, ಗೇಣಿ ಬೇರೆ ಎಂಬುದನ್ನು 1882ರ ಅನುಭೋಗ ಹಕ್ಕುಗಳ ಅಧಿನಿಯಮವೇ ಹೇಳುತ್ತದೆ, ವಕೀಲರಿಗೆ ಅದನ್ನು ನಾನು ಕಲಿಸಬೇಕಿಲ್ಲ. ಅಷ್ಟಕ್ಕೂ ಕೊಟ್ಟು ಅಲ್ಲಿಯೇ ಉಳಿಯುವ ವ್ಯವಹಾರ ಈ ಜಿಲ್ಲೆಗೆ ಹೊಸತಲ್ಲ. ಭೂಮಿಯನ್ನು ಸ್ವಾಧೀನ ಅಡವು ಇಟ್ಟು, ಅದೇ ದಿನ ಗೇಣಿ ಚೀಟು ಬರೆದು, ಅದೇ ಗದ್ದೆಯನ್ನು ಉಳುತ್ತ ಕೂತವರ ಮೊಮ್ಮಕ್ಕಳು ನಾವು. ಕೊಳ್ಳುವವರ ಭಯಕ್ಕೆ ಔಷಧಿಯೂ ಇದೆ. ಕ್ರಯದ ಹಣದಲ್ಲಿ ಒಂದಂಶವನ್ನು ಕೀಲಿಕೈ ಕೊಡುವ ದಿನಕ್ಕೆ ಅವರೇ ಇಟ್ಟುಕೊಳ್ಳಲಿ. ಪೂರ್ತಿ ಹಣ ಸಂದಿಲ್ಲ ಎಂಬುದು ಕ್ರಯಪತ್ರದಲ್ಲಿಯೇ ಬಿಚ್ಚಿ ಬರೆದಿದ್ದರೆ, ಆ ಬಾಕಿಗೆ ಮನೆಯ ಮೇಲೆ ಮಾರಿದವರ ಹೊರೆ ಇದೆ ಎಂದು 55ನೇ ಕಲಮು ಒಪ್ಪುತ್ತದೆ. ಇಬ್ಬರ ಕೈಯಲ್ಲೂ ಇನ್ನೊಬ್ಬರದು ಒಂದೊಂದು ಉಳಿಯುತ್ತದೆ. ‘ಹಣ ಪೂರ್ತಿ ಸಂದಿದೆ’ ಎಂದು ಬರೆದು ಬಾಯಿಮಾತಿನಲ್ಲಿ ಬಾಕಿ ಇಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಇನ್ನೊಂದು ಬಣದ ವಿಮರ್ಶಕರಿದ್ದಾರೆ. ಕೊನೆಯ ದಿನದವರೆಗೆ ಮನೆಯಲ್ಲಿ ಇರುತ್ತೇನೆ ಎನ್ನುವವರನ್ನು ಇವರು ಭಾವುಕರೆನ್ನುತ್ತಾರೆ; ತುಳಸಿಕಟ್ಟೆ, ನಾಗಬನ ಎಂದು ಕೂತರೆ ವ್ಯವಹಾರ ಆಗುವುದಿಲ್ಲವಂತೆ. ನಾಗನ ವಿಷಯವನ್ನು ಕೊಳ್ಳುವವರೊಂದಿಗೆ ಮೊದಲೇ ಮಾತಾಡಿ, ವರ್ಷಕ್ಕೊಮ್ಮೆ ನಾಗನಿಗೆ ಹಾಲೆರೆದು ತನು ಹಾಕಲು ಕುಟುಂಬದವರು ಬರುವ ದಾರಿ ಪತ್ರದಲ್ಲಿ ಬರೆಸಬೇಕು ಎಂಬುದು ಶುದ್ಧ ವ್ಯವಹಾರ. ಬನಕ್ಕೆ ಹೋಗುವ ದಾರಿ ಯಾವುದು, ಯಾವ ಮರ ಬನದ್ದು ಎಂದು ತೋರಿಸಲು ಮನೆಯಲ್ಲಿ ಜನ ಬೇಕು.

ತೆರಿಗೆಯ ಗಡಿಯಾರವೂ ಇದೆ. ಮನೆ ಮಾರಿದ ಲಾಭದ ಮೇಲಿನ ತೆರಿಗೆಯಿಂದ ವಿನಾಯಿತಿ ಬೇಕಾದರೆ, ಮಾರಿದ ಮೇಲೆ ಹೊಸ ಮನೆ ಮಾಡುವವರು ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳಬೇಕು ಅಥವಾ ಮೂರು ವರ್ಷದೊಳಗೆ ಕಟ್ಟಬೇಕು. ಅಷ್ಟರಲ್ಲಿ ರಿಟರ್ನ್ ಸಲ್ಲಿಸುವ ಗಡುವು ಬಂದರೆ ಉಳಿದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭದ ಖಾತೆಯಲ್ಲಿ ಇಡಬೇಕು. ಬಾಡಿಗೆ ಮನೆಯಲ್ಲಿರುವ ಅವಧಿ ಈ ಎರಡು ವರ್ಷದ ಒಳಗಿನದು. ಕ್ರಯಕ್ಕೆ ಮೊದಲೇ ಹೋಗಿ ಕೂತ ತಿಂಗಳುಗಳು ಯಾವ ಲೆಕ್ಕಕ್ಕೂ ಇಲ್ಲ.

ಮೊದಲು ಹೋಗುವುದೇ ಸರಿ ಎನ್ನುವ ಸಂದರ್ಭಗಳೂ ಇವೆ, ಒಪ್ಪುತ್ತೇನೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಹೋಗಬೇಕಾದವರಿಗೆ 30 ಕಿಲೋಮೀಟರ್ ಬಸ್ಸಿನ ದಾರಿ ಉಳಿಸುವುದು ಮನೆಯ ಬೆಲೆಗಿಂತ ದೊಡ್ಡದು. ಅಂಥವರು ಹೋಗಲಿ, ಆದರೆ ಮನೆಯಲ್ಲಿ ಒಲೆ ಹಚ್ಚುವವರನ್ನು ಯಾರನ್ನಾದರೂ ಇರಿಸಿ ಹೋಗಲಿ.

ಉಳಿದವರಿಗೆ ಇಲ್ಲಿಯ ಪಂಚಾಂಗವೇ ದಾರಿ ತೋರಿಸುತ್ತದೆ. ಮಣಿಪಾಲದ ಬಾಡಿಗೆ ಮನೆಗಳು ವಿದ್ಯಾರ್ಥಿಗಳ ವರ್ಷಕ್ಕೆ ತಿರುಗುತ್ತವೆ: ಕೋರ್ಸು ಮುಗಿಸಿದವರು ಮೇ, ಜೂನಿನಲ್ಲಿ ಬಿಡುತ್ತಾರೆ, ಹೊಸಬರು ಜುಲೈ, ಆಗಸ್ಟಿನಲ್ಲಿ ಬಂದು ತುಂಬುತ್ತಾರೆ. ಆಟಿಯಲ್ಲಿ ಮನೆ ಹುಡುಕಲು ಹೊರಟ ಹಿರಿಯರು ತಲೆಗಿಷ್ಟು ಬಾಡಿಗೆ ಕೊಡುವ ನಾಲ್ಕು ಹುಡುಗರೊಂದಿಗೆ ಪೈಪೋಟಿಗೆ ಇಳಿಯಬೇಕು. ಆದ್ದರಿಂದ ದೀಪಾವಳಿ ಕಳೆದ ಮೇಲೆ, ನೆಲ ಒಣಗಿದಾಗ ಅಳತೆ ಮತ್ತು ನಕ್ಷೆ. ನಕ್ಷೆ ಕೈಗೆ ಬಂದ ಮೇಲೆ ಕರಾರು. ಫೆಬ್ರವರಿ, ಮಾರ್ಚಿನಲ್ಲಿ ರಿಜಿಸ್ಟ್ರಿ. ವಿಷು ಕಳೆದು ಪತ್ತನಾಜೆಯ ಒಳಗೆ ಬಿಡಾರ. ಮಳೆ ಬರುವ ಹೊತ್ತಿಗೆ ಕೊಂಡವರು ಒಳಗೆ ಒಲೆ ಹಚ್ಚಿರುತ್ತಾರೆ. ದೊಡ್ಡಮ್ಮ ಮಾಡಿದ್ದು ಇದರ ತಲೆಕೆಳಗು. ಮೊದಲು ಕರಾರು, ಆಮೇಲೆ ಬಿಡಾರ, ಆಮೇಲೆ ನಕ್ಷೆ.

ಈಚೆಗೆ ಮುದ್ರಾಡಿ ಕಡೆಯ ಪರಿಚಯದ ಒಬ್ಬರು ಮನೆ ಮಾರುವಾಗ ಕರಾರಿನ ಕರಡನ್ನು ನನಗೆ ತೋರಿಸಿದರು. ಎರಡನೆಯ ಪುಟದಲ್ಲಿ ಅದೇ ‘ಮುಂಚಿತವಾಗಿ’ ಕೂತಿತ್ತು. ನಾನು ಆ ವಾಕ್ಯ ಹೊಡೆದು ಹಾಕಿ ಹೀಗೆ ಬರೆದುಕೊಟ್ಟೆ: ‘ಕ್ರಯಪತ್ರ ನೋಂದಣಿಯಾದ ದಿನದಿಂದ 40 ದಿನಗಳ ಕಾಲ ಮಾರಾಟಗಾರರು ಖರೀದಿದಾರರ ಅನುಮತಿಯ ಮೇರೆಗೆ ಮನೆಯಲ್ಲಿ ವಾಸವಿರತಕ್ಕದ್ದು. ಕ್ರಯದ ಹಣದಲ್ಲಿ 2 ಲಕ್ಷ ರೂಪಾಯಿಯನ್ನು ಖರೀದಿದಾರರು ಕೀಲಿಕೈ ಪಡೆಯುವ ದಿನ ಪಾವತಿಸತಕ್ಕದ್ದು.’ ಎರಡೂ ಕಡೆಗೆ ‘ತಕ್ಕದ್ದು’ ಹಾಕಿದ್ದೇನೆ, ಸರಿಸಮವಾಯಿತು ಎಂದುಕೊಂಡೆ.

ಆ ಕರಡು ಪತ್ರ ಬರೆಯುವವರ ಕೈಗೆ ಹೋಯಿತು. ಅವರು ವಯಸ್ಸಾದವರು, ಆ ಕೆಲಸದಲ್ಲಿಯೇ ತಲೆ ನೆರೆದವರು. ಕನ್ನಡಕ ಮೇಲಕ್ಕೇರಿಸಿ ಎರಡು ಸಲ ಓದಿದರು. ನಲವತ್ತು ದಿನ ಎಲ್ಲಿಂದ ಎಣಿಸುವುದು ಎಂದು ಕೇಳಿದರು. ನೋಂದಣಿಯ ದಿನದಿಂದ ಎಂದೆ. ಚೆಕ್ಕು ವಾಪಸು ಬಂದರೆ? ಎಂದರು. ನಾನು ಸುಮ್ಮನಾದೆ. ಅವರು ಪೆನ್ನು ತೆಗೆದು ‘ಕ್ರಯಪತ್ರ ನೋಂದಣಿಯಾದ ದಿನದಿಂದ’ ಎಂಬುದರ ಮೇಲೆ ಒಂದು ಗೆರೆ ಎಳೆದು, ಅದರ ನೆತ್ತಿಗೆ ಸಣ್ಣಕ್ಷರದಲ್ಲಿ ‘ಸದ್ರಿ 2 ಲಕ್ಷ ಹೊರತು ಉಳಿದ ಮೊಬಲಗು ಮಾರಾಟಗಾರರ ಬ್ಯಾಂಕ್ ಖಾತೆಗೆ ಜಮೆಯಾದ ದಿನದಿಂದ’ ಎಂದು ಬರೆದು, ಅಂಚಿನಲ್ಲಿ ಇಬ್ಬರದೂ ರುಜು ಹಾಕಿಸಿದರು.